ಆರು ವರ್ಷ ನಿಂತ ಡೀಸೆಲ್ ಇಂಡಿಕಾ: ಕೀಲಿ ತಿರುಗಿಸುವುದು ಕೊನೆಗೆ

ವರ್ಷಗಟ್ಟಲೆ ನಿಂತ ಡೀಸೆಲ್ ಕಾರು ನಿಂತಲ್ಲೇ ಕೆಡುವುದು ಕಡಿಮೆ. ಹೊಸ ಬ್ಯಾಟರಿ ತಂದು, ಉತ್ಸಾಹದಲ್ಲಿ ಸೆಲ್ಫ್ ಹೊಡೆದ ಮೊದಲ ಐದು ನಿಮಿಷದಲ್ಲಿ ಕೆಡುವುದೇ ಹೆಚ್ಚು. ಇಂಥ ಕಾರಿನಲ್ಲಿ ಎಂಜಿನ್‌ಗೆ ಡೀಸೆಲ್ ಒತ್ತಿ ಕಳಿಸುವ ಪಂಪಿಗೆ ಬೇರೆ ಆಯಿಲ್ ಇರುವುದಿಲ್ಲ, ಒಳಗೆ ಹರಿಯುವ ಡೀಸೆಲ್ಲೇ ಅದಕ್ಕೆ ಜಾರೆಣ್ಣೆ. ಆ ಡೀಸೆಲ್ ಹಳಸಿ ಅಂಟಾಗಿ, ಜೊತೆಗೆ ನೀರೂ ಸೇರಿಕೊಂಡಿದ್ದರೆ ನಾಲ್ಕು ಸುತ್ತಿಗೇ ಪಂಪಿನ ಒಳಭಾಗ ಉಜ್ಜಿ ಹೋಗುತ್ತದೆ. ಹಾಗಾಗಿ ನಾನು ಈ ಕೆಲಸ ಹಿಡಿದಾಗ ಬ್ಯಾಟರಿ ತರುವುದನ್ನೇ ಎರಡು ವಾರ ಮುಂದಕ್ಕೆ ಹಾಕಿದೆ.

ಕಾರು 2004ರ ಇಂಡಿಕಾ ವಿ2. ಟರ್ಬೊ ಇಲ್ಲದ 1405 ಸಿಸಿ ಎಂಜಿನ್, ರೋಟರಿ ಪಂಪ್. ಪಂಪ್ ತಯಾರಿಸಿದ ಕಂಪನಿಯ ಹೆಸರು 2008ರಲ್ಲೇ ಬಾಷ್ ಅಂತ ಬದಲಾದರೂ ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆ ಅದು ಇವತ್ತಿಗೂ ಮೈಕೋ ಪಂಪೇ. ನಿಂತಿದ್ದದ್ದು ಗುಬ್ಬಿ ಹತ್ತಿರದ ತೋಟದ ಮನೆಯ ಶೆಡ್ಡಿನಲ್ಲಿ, ತೆಂಗಿನಕಾಯಿ ರಾಶಿಯ ಪಕ್ಕ. ಕಾಯಿ ಇದ್ದ ಕಡೆ ಇಲಿ ಇದ್ದೇ ಇರುತ್ತದೆ. ಬಾನೆಟ್ ಎತ್ತಿದ ಕೂಡಲೇ ಏರ್ ಫಿಲ್ಟರ್ ಡಬ್ಬಿ ಬಿಚ್ಚಬೇಕು ಅನ್ನುವುದು ಅದಕ್ಕೇ. ಇದರಲ್ಲಿ ಎರಡು ಹಿಡಿ ತೆಂಗಿನ ನಾರು, ರಾಗಿ ಹುಲ್ಲು, ಫಿಲ್ಟರ್ ಕಾಗದದ ಚೂರು ಸಿಕ್ಕಿತು. ಹಾಗೇ ಸ್ಟಾರ್ಟ್ ಮಾಡಿದ್ದರೆ ಅಷ್ಟೂ ನೇರವಾಗಿ ವಾಲ್ವ್‌ಗೆ. ವೈರಿಂಗನ್ನು ಕೈಯಲ್ಲೇ ಸವರಿ ನೋಡಿ, ಕಣ್ಣಿಗೆ ಕಾಣದ ಕಡಿತ ಬೆರಳಿಗೆ ಸಿಗುತ್ತದೆ. ಬ್ಲೋವರ್ ಒಳಗೂ ಒಂದು ಗೂಡಿತ್ತು.

ಮುಂದಿನದು ನಿಂತು ಕಚ್ಚಿಕೊಂಡಿರಬಹುದಾದ ಎಂಜಿನ್ ಸಡಿಲ ಮಾಡುವುದು. ಸ್ಟಾರ್ಟ್ ಮಾಡುವಾಗ ಎಂಜಿನ್ ಒಳಗೆ ಬಿಸಿ ಕೊಡುವ ನಾಲ್ಕೂ ಹೀಟರ್ ಪ್ಲಗ್ ತೆಗೆಯಬೇಕು. ಕಾರ್ಬನ್ ಕಟ್ಟಿ ಕಚ್ಚಿಕೊಂಡಿರುತ್ತವೆ, ಜೋರು ಮಾಡಿದರೆ ಮುರಿದು ಅರ್ಧ ಪ್ಲಗ್ ಹೆಡ್ಡಿನಲ್ಲೇ, ಅಂದರೆ ಸಿಲಿಂಡರ್ ಮೇಲಿನ ಮುಚ್ಚಳದಲ್ಲೇ, ಉಳಿಯುತ್ತದೆ. ಹಿಂದಿನ ದಿನ ಸಂಜೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಕಾಲು ಸುತ್ತು ಬಿಚ್ಚುವುದು, ಮತ್ತೆ ಬಿಗಿಯುವುದು, ಮತ್ತೆ ಬಿಚ್ಚುವುದು ಹೀಗೆ ಆಡಿಸುತ್ತಾ ತೆಗೆದೆ. ತೆಗೆದ ತೂತಿನಲ್ಲಿ ಒಂದೊಂದಕ್ಕೆ 10–15 ಮಿಲಿ ಎಂಜಿನ್ ಆಯಿಲ್. ಪೆಟ್ರೋಲ್ ಎಂಜಿನ್‌ನಲ್ಲಿ ಪ್ಲಗ್ ತೂತಿಗೆ ಬಿಟ್ಟ ಎಣ್ಣೆ ನೇರ ಪಿಸ್ಟನ್ ಮೇಲೆ ಬೀಳುತ್ತದೆ. ಈ ಬಗೆಯ ಡೀಸೆಲ್‌ನಲ್ಲಿ ಹಾಗಲ್ಲ, ಹೆಡ್ಡಿನ ಒಳಗಿರುವ ಪುಟ್ಟ ಕೋಣೆಗೆ ಬಿದ್ದು ಸಣ್ಣ ಕಂಡಿಯಿಂದ ನಿಧಾನಕ್ಕೆ ಕೆಳಗಿಳಿಯಬೇಕು. ಗಂಟೆ ಲೆಕ್ಕದಲ್ಲಿ ಕಾದರೆ ಸಾಲದು, ನಾನು ಎರಡು ರಾತ್ರಿ ಬಿಟ್ಟೆ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ, ಕೈಯಿಂದ ಎರಡು ಪೂರ್ತಿ ಸುತ್ತು. ಹಿಂದಕ್ಕೆ ತಿರುಗಿಸಬೇಡಿ, ವಾಲ್ವ್‌ಗಳನ್ನೂ ಪಂಪನ್ನೂ ಎಂಜಿನ್‌ನ ತಾಳಕ್ಕೆ ತಿರುಗಿಸುವ ಹಳೇ ಟೈಮಿಂಗ್ ಬೆಲ್ಟ್ ಹಲ್ಲು ಜಾರೀತು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ ಇನ್ನಷ್ಟು ಎಣ್ಣೆ, ಇನ್ನೆರಡು ದಿನ. ಪೈಪ್ ಸಿಕ್ಕಿಸಿ ಎಳೆಯುವ ಕೆಲಸ ಮಾತ್ರ ಬೇಡ.

ಟೈಮಿಂಗ್ ಬೆಲ್ಟ್ ವಿಷಯದಲ್ಲಿ ಚೌಕಾಸಿ ಇಲ್ಲ. ನೋಡಲು ಹೊಸದರಂತಿದ್ದರೂ ಆರು ವರ್ಷ ಒಂದೇ ಬಾಗಿನಲ್ಲಿ ನಿಂತ ರಬ್ಬರ್ ಅದು. ಹರಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ, ಹೆಡ್ ಬಿಚ್ಚುವ ಕೆಲಸ. ಬೆಲ್ಟ್ ಜೊತೆ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಬೇರಿಂಗ್ ಕೂಡ ಹೊಸದೇ ಹಾಕಿ, ಒಣಗಿದ ಗ್ರೀಸಿನ ಬೇರಿಂಗ್ ಹೊಸ ಬೆಲ್ಟನ್ನೂ ತಿನ್ನುತ್ತದೆ. ಬೆಲ್ಟ್ ಹಾಕಿದ ಮೇಲೆ ಮತ್ತೆ ಎರಡು ಸುತ್ತು ಕೈಯಲ್ಲಿ ತಿರುಗಿಸಿ ಗುರುತು ಕೂಡುತ್ತವೆಯೇ ನೋಡಿ.

ಎಂಜಿನ್ ಆಯಿಲ್ ಇಳಿಸುವಾಗ ಬೋಲ್ಟನ್ನು ಪೂರ್ತಿ ಬಿಚ್ಚದೆ ಮೊದಲು ತೊಟ್ಟಿಕ್ಕುವಷ್ಟು ಸಡಿಲಿಸಿ. ನೀರು ಸೇರಿದ್ದರೆ ಅದೇ ಮೊದಲು ಬರುತ್ತದೆ. ಹೊಸದು 15W40 ಡೀಸೆಲ್ ಆಯಿಲ್, ದುಬಾರಿಯದು ಬೇಡ, 300 ಕಿ.ಮೀ.ಗೆ ಮತ್ತೆ ಇಳಿಸುವುದೇ. ಕೂಲೆಂಟ್ ಬದಲಿಸಿ, ಹೋಸ್‌ಗಳನ್ನು ಹಿಂಡಿ ನೋಡಿ, ಗರಗರ ಅಂದರೆ ಬಿಸಾಕಿ.

ಇನ್ನು ಡೀಸೆಲ್ ದಾರಿ, ಕೆಲಸದ ಮುಕ್ಕಾಲು ಪಾಲು ಇಲ್ಲೇ. ಟ್ಯಾಂಕ್ ಇಳಿಸಿ. ಕಾರಿನಲ್ಲೇ ಬಿಟ್ಟು ಪೈಪಿನಿಂದ ಎಳೆದರೆ ತಳದ ಎರಡು ಬೆರಳು ಗಸಿ ಅಲ್ಲೇ ಉಳಿಯುತ್ತದೆ, ಬೇಡದ್ದೆಲ್ಲ ಇರುವುದು ಆ ಎರಡು ಬೆರಳಲ್ಲೇ. ನೀರು ಕೆಳಗೆ, ಡೀಸೆಲ್ ಮೇಲೆ, ಇವೆರಡರ ನಡುವೆ ಕಪ್ಪು ಲೋಳೆ. ಅದು ಸೂಕ್ಷ್ಮಜೀವಿಗಳು ಬೆಳೆದು ಆದದ್ದು, ಬಟ್ಟೆಯಲ್ಲಿ ಎತ್ತಿದರೆ ಎಳೆ ಎಳೆಯಾಗಿ ಬರುತ್ತದೆ. ಹಳೇ ಡೀಸೆಲ್ಲಿನ ವಾಸನೆಯೇ ಬೇರೆ, ವಾರ್ನಿಷ್ ಡಬ್ಬ ತೆಗೆದ ಹಾಗೆ. ಎರಡು ಲೀಟರ್ ಹೊಸ ಡೀಸೆಲ್ ಹಾಕಿ ಕುಲುಕಿ ಚೆಲ್ಲುವುದು, ಇದನ್ನು ಮೂರು ಸಲ. ನೀರು ಹಾಕಿ ತೊಳೆಯಬೇಡಿ. ಪೈಪಿನ ತುದಿಯ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ರಬ್ಬರ್ ಹೋಸ್, ಪೈಪ್ ಜೋಡಿಸುವ ಟೊಳ್ಳು ಬೋಲ್ಟಿನ (ಬ್ಯಾಂಜೋ ಬೋಲ್ಟ್) ತಾಮ್ರದ ವಾಶರ್, ಡೀಸೆಲ್ ಫಿಲ್ಟರ್ ಎಲ್ಲವೂ ಹೊಸದು.

ಪಂಪಿಗೆ ತಕ್ಷಣ ಡೀಸೆಲ್ ಕೊಟ್ಟು ತಿರುಗಿಸಲಿಲ್ಲ. ಮಿಕ್ಕ ಡೀಸೆಲ್ ಪಂಪಿನಿಂದ ವಾಪಸ್ ಹೋಗುವ ಜಾಗದ ರಿಟರ್ನ್ ಬೋಲ್ಟ್ ತೆಗೆದು, ಅರ್ಧ ಡೀಸೆಲ್ ಅರ್ಧ ಗೇರ್ ಎಣ್ಣೆ, ಅಂದರೆ ಆಟೋಮ್ಯಾಟಿಕ್ ಗೇರಿಗೆ ಹಾಕುವ ತೆಳು ಕೆಂಪು ಎಣ್ಣೆ, ಬೆರೆಸಿ ತುಂಬಿಸಿ ಎರಡು ದಿನ ಬಿಟ್ಟೆ. ಒಳಗಿನ ವೇನ್‌ಗಳು, ಅಂದರೆ ಡೀಸೆಲ್ ತಳ್ಳುವ ಪುಟ್ಟ ರೆಕ್ಕೆಗಳು, ಅಂಟಿನಲ್ಲಿ ಹೂತಿರುತ್ತವೆ, ಅವು ಬಿಡಬೇಕು. ಎಚ್ಚರ ಇರಬೇಕಾದ್ದು ಬೋಲ್ಟಿನ ವಿಷಯದಲ್ಲಿ. ಒಳ ಬರುವ ಬೋಲ್ಟ್, ರಿಟರ್ನ್ ಬೋಲ್ಟ್ ಎರಡೂ ನೋಡಲು ಒಂದೇ ಥರ, ಥ್ರೆಡ್ ಕೂಡ ಒಂದೇ. ರಿಟರ್ನ್ ಬೋಲ್ಟಿನ ತಲೆಯ ಮೇಲೆ ಔಟ್ ಎಂದು ಇಂಗ್ಲಿಷಿನಲ್ಲಿ ಒತ್ತಿರುತ್ತದೆ, ಅದರೊಳಗೆ ಸೂಜಿಯಷ್ಟು ಸಣ್ಣ ರಂಧ್ರ. ಪಂಪಿನೊಳಗೆ ಒತ್ತಡ ಕಟ್ಟುವುದು ಆ ರಂಧ್ರದಿಂದಲೇ. ಅದಲು ಬದಲಾದರೆ ಡೀಸೆಲ್ ಒಳಬರುವ ದಾರಿಯೇ ಕಟ್ಟಿಕೊಂಡಂತಾಗುತ್ತದೆ, ಮೂರು ದಿನ ಕಾರಣ ಹುಡುಕುತ್ತಾ ಕೂರಬೇಕು. ಬಿಚ್ಚಿದ ಕೂಡಲೇ ಅದಕ್ಕೆ ಬಣ್ಣದ ದಾರ ಕಟ್ಟಿಡಿ.

ಪಂಪಿನಲ್ಲಿ ಡೀಸೆಲ್ ನಿಲ್ಲಿಸುವ ಸೊಲೆನಾಯ್ಡ್‌ಗೆ (ಕರೆಂಟಿನಿಂದ ಆಡುವ ಕವಾಟ) 12 ವೋಲ್ಟ್ ಮುಟ್ಟಿಸಿದರೆ ಟಕ್ ಅನ್ನಬೇಕು. ಅನ್ನದಿದ್ದರೆ ಬಿಚ್ಚಿ ಒಳಗಿನ ಕಡ್ಡಿಯ ತುಕ್ಕು ಒರೆಸಿ. ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳನ್ನು ಮಾತ್ರ ತುಮಕೂರಿನ ಪಂಪ್ ಅಂಗಡಿಗೆ ಒಯ್ದು ಟೆಸ್ಟರ್ ಮೇಲೆ ನೋಡಿಸಿದೆ. ಈ ಬಗೆಯ ನಾಝಲ್ ಸಾಮಾನ್ಯವಾಗಿ 120–150 ಬಾರ್ ಒತ್ತಡಕ್ಕೆ ತೆರೆಯಬೇಕು, ಮಂಜಿನಂತೆ ಉಗುಳಬೇಕು, ಕೊನೆಗೆ ತುದಿಯಲ್ಲಿ ಹನಿ ನೇತಾಡಬಾರದು. ಟೆಸ್ಟ್ ಮಾಡುವಾಗ ಕೈ ಅಡ್ಡ ಹಿಡಿದರೆ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ, ಅದಕ್ಕೆ ಆಸ್ಪತ್ರೆಯೇ ಗತಿ. ವಾಪಸ್ ಹಾಕುವಾಗ ನಾಝಲ್ ಕೆಳಗಿನ ವಾಶರ್ ಹೊಸದಿರಲಿ, ಒಮ್ಮೆ ಒತ್ತಿದ ವಾಶರ್ ಎರಡನೇ ಸಲ ಬಿಗಿ ಹಿಡಿಯದು. ಹೀಟರ್ ಪ್ಲಗ್‌ಗಳನ್ನು ಬ್ಯಾಟರಿಗೆ ಒಂದೊಂದಾಗಿ ಕೊಟ್ಟು ನೋಡಿ, ತುದಿ ಮೊದಲು ಕೆಂಪಾಗಬೇಕು. ನಾಲ್ಕರಲ್ಲಿ ಎರಡು ಸತ್ತಿದ್ದವು.

ಟ್ಯಾಂಕನ್ನು ಈಗಲೇ ಜೋಡಿಸಬೇಡಿ. ಐದು ಲೀಟರ್ ಕ್ಯಾನನ್ನು ಎಂಜಿನ್‌ಗಿಂತ ಎತ್ತರದಲ್ಲಿಟ್ಟು, ಫಿಲ್ಟರ್ ಮೂಲಕ, ಹೊಸ ಡೀಸೆಲ್‌ಗೆ ಲೀಟರಿಗೆ 10 ಮಿಲಿಯಂತೆ 2ಟಿ ಎಣ್ಣೆ (ಟೂ ಸ್ಟ್ರೋಕ್ ಬೈಕಿನದು) ಬೆರೆಸಿ ಕೊಟ್ಟೆ. ಫಿಲ್ಟರಿನಿಂದ ಪಂಪಿಗೆ ಹೋಗುವ ಹೋಸ್ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಪೈಪ್. ಇಷ್ಟು ಸಣ್ಣ ಖರ್ಚಿನಲ್ಲಿ ಇಷ್ಟು ಕೆಲಸಕ್ಕೆ ಬರುವ ಉಪಕರಣ ಬೇರೆ ನಾನು ಕಂಡಿಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳುವುದು ಪಂಪೇ. ಎಳೆಯುವ ದಾರಿಯಲ್ಲಿ ಬಿರುಕಿದ್ದರೆ ಹೊರಗೆ ಒಂದು ಹನಿಯೂ ಸೋರದು, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಅದಕ್ಕೇ ಕ್ಯಾನಿನಲ್ಲಿ ಚೆನ್ನಾಗಿ ಓಡಿದ ಎಂಜಿನ್ ಟ್ಯಾಂಕಿಗೆ ಕೊಟ್ಟ ತಕ್ಷಣ ಏರ್ ಹಿಡಿದು ನಿಲ್ಲುತ್ತದೆ. ಪೈಪಿನಲ್ಲಿ ಗುಳ್ಳೆ ಓಡುವುದು ಕಂಡರೆ ತಪ್ಪು ಟ್ಯಾಂಕಿನಿಂದ ಫಿಲ್ಟರ್ ತನಕದ ದಾರಿಯಲ್ಲಿ, ಪಂಪಿನ ಮೇಲೆ ಅನುಮಾನ ಬೇಡ.

ಈಗ ಬ್ಯಾಟರಿ. ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯನ್ನು ಉಜ್ಜಿ ಬೆಳ್ಳಗೆ ಮಾಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯಲ್ಲಿ 9.6 ವೋಲ್ಟ್‌ಗಿಂತ ಕೆಳಗಿಳಿದರೆ ಡೀಸೆಲ್ ಹೊತ್ತಿಕೊಳ್ಳುವಷ್ಟು ವೇಗ ಸಿಗುವುದಿಲ್ಲ. ಮೊದಲು ಹೀಟರ್ ಪ್ಲಗ್ ಹೊರಗಿಟ್ಟು, ಸೊಲೆನಾಯ್ಡ್ ವೈರ್ ಕಿತ್ತು, ಹತ್ತು ಹತ್ತು ಸೆಕೆಂಡ್ ಸೆಲ್ಫ್, ಆಯಿಲ್ ಲೈಟ್ ಆರುವ ತನಕ. ಒಳಗೆ ಬಿಟ್ಟಿದ್ದ ಎಣ್ಣೆ ತೂತುಗಳಿಂದ ಚಿಮ್ಮುತ್ತದೆ, ಬಟ್ಟೆ ಹಾಸಿಡಿ. ಪ್ಲಗ್ ಹಾಕಿಕೊಂಡು ಮಾಡಿದರೆ ಆ ಎಣ್ಣೆ ಹೋಗಲು ದಾರಿಯಿಲ್ಲದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಪ್ಲಗ್, ವೈರ್ ಎಲ್ಲ ಜೋಡಿಸಿದ ಮೇಲೆ ನಾಝಲ್ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್. ಡೀಸೆಲ್ ಜಿನುಗಿದಂತೆ ಒಂದೊಂದನ್ನೇ ಬಿಗಿಯಿರಿ. ಹದಿನೈದು ಸೆಕೆಂಡ್ ಹೀಟರ್, ಹದಿನೈದು ಸೆಕೆಂಡ್ ಸೆಲ್ಫ್, ಒಂದು ನಿಮಿಷ ಬಿಡುವು. ಸೈಲೆನ್ಸರ್ ನೋಡಿದರೆ ಗೊತ್ತಾಗುತ್ತದೆ: ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬಂದಿಲ್ಲ, ಬಿಳಿ ಹೊಗೆ ಬಂದರೆ ಡೀಸೆಲ್ ಬಂದಿದೆ, ಹೊತ್ತುತ್ತಿಲ್ಲ. ಆ ಹೊತ್ತಿಗೆ ಸುತ್ತ ನಿಂತವರಲ್ಲಿ ಒಬ್ಬರು ಪೆಟ್ರೋಲ್ ಬಟ್ಟೆ ಹಿಡಿಯಿರಿ ಅನ್ನುತ್ತಾರೆ, ಇನ್ನೊಬ್ಬರು ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಯೋಣ ಅನ್ನುತ್ತಾರೆ. ಎರಡೂ ಬೇಡ. ಕೆಂಪಗೆ ಕಾದ ಹೀಟರ್ ಪ್ಲಗ್ ಮುಂದೆ ಪೆಟ್ರೋಲ್ ಆವಿಯೋ ಸ್ಟಾರ್ಟಿಂಗ್ ಸ್ಪ್ರೇಯೋ ಹೋದರೆ ಪಿಸ್ಟನ್ ಮೇಲೆ ಬರುವ ಮುಂಚೆಯೇ ಸಿಡಿದು ರಿಂಗ್ ಮುರಿಯುತ್ತದೆ.

ಏರ್ ಪೈಪ್ ಬಾಯಿಗೆ ಸರಿಯಾಗಿ ಕೂರುವ ಒಂದು ಹಲಗೆ ತುಂಡು ಹತ್ತಿರ ಇರಲಿ. ಪಂಪಿನೊಳಗೆ ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಅಂಟಿಕೊಂಡಿದ್ದರೆ ಎಂಜಿನ್ ತನ್ನಷ್ಟಕ್ಕೆ ರೇಸ್ ಆಗುತ್ತಾ ಹೋಗುತ್ತದೆ. ಕೀಲಿ ತೆಗೆದರೂ ನಿಲ್ಲದಿದ್ದರೆ ಗಾಳಿ ಮುಚ್ಚುವುದೊಂದೇ ದಾರಿ. ಬಟ್ಟೆಯಾದರೆ ಒಳಗೆ ಎಳೆದುಕೊಳ್ಳುತ್ತದೆ, ಕೈಯಂತೂ ಬೇಡವೇ ಬೇಡ.

ಸ್ಟಾರ್ಟ್ ಆದ ಮೇಲೆ ಇಪ್ಪತ್ತು ನಿಮಿಷ ಆಕ್ಸಿಲರೇಟರ್ ಮುಟ್ಟದೆ ಬಿಡಿ. ಪಂಪಿನ ಮೇಲ್ಮುಚ್ಚಳ ಮತ್ತು ಆಕ್ಸಿಲರೇಟರ್ ಕಡ್ಡಿ ಒಳಹೋಗುವ ಜಾಗ ನೋಡುತ್ತಿರಿ. 2020ರ ಏಪ್ರಿಲ್‌ನಿಂದ ಸಿಗುತ್ತಿರುವ ಬಿಎಸ್6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ಮಾತ್ರ. ಹಳೇ ಡೀಸೆಲ್‌ಗೆ ಉಬ್ಬಿ, ಆಮೇಲೆ ಒಣಗಿ ಬಿರುಸಾದ ರಬ್ಬರ್ ರಿಂಗ್‌ಗಳು ಇದರಲ್ಲಿ ಬಿಗಿ ಕೊಡುವುದಿಲ್ಲ, ಸೋರುತ್ತವೆ. ನನ್ನದು ಮೂರನೇ ದಿನಕ್ಕೆ ಕಡ್ಡಿಯ ಬುಡದಲ್ಲಿ ಒದ್ದೆಯಾಯಿತು. ಪಂಪ್ ಇಳಿಸಿ ಪೂರ್ತಿ ಸೀಲ್ ಕಿಟ್, ವಿಟಾನ್ (ಡೀಸೆಲ್‌ಗೆ ಜಗ್ಗದ ರಬ್ಬರ್) ರಿಂಗ್ ಇರುವುದೇ ಹಾಕಿಸಿದೆ. ಈಗ ಕೇಳಿದರೆ, ಬೆಲ್ಟ್ ಬಿಚ್ಚಿದ್ದಾಗಲೇ ಪಂಪ್ ಕೆಲಸವನ್ನೂ ಮುಗಿಸಿಬಿಡಿ ಅನ್ನುತ್ತೇನೆ, ಎರಡು ಸಲ ಟೈಮಿಂಗ್ ಕೂಡಿಸುವುದು ತಪ್ಪುತ್ತದೆ.

ಕ್ಲಚ್ ಪ್ಲೇಟ್ ಫ್ಲೈವೀಲ್‌ಗೆ ತುಕ್ಕಿನಿಂದ ಕಚ್ಚಿಕೊಂಡಿತ್ತು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಎರಡೂ ಚಕ್ರ ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಎರಡನೇ ಗೇರಿನಲ್ಲೇ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿ ಬ್ರೇಕ್ ತುಳಿದರೆ ಟಪ್ ಅಂತ ಬಿಡುತ್ತದೆ. ಇದಕ್ಕೆ ಮುಂಚೆ ಬ್ರೇಕ್ ಸರಿಯಾಗಿರಬೇಕು ಅನ್ನಿ. ಹಳೇ ಬ್ರೇಕ್ ಆಯಿಲ್ ನೀರು ಹೀರಿಕೊಂಡಿರುತ್ತದೆ, ಹಿಂದಿನ ವೀಲ್ ಸಿಲಿಂಡರ್ ಎರಡನ್ನೂ ಬದಲಿಸಿದೆ. ಏರ್ ತೆಗೆಯುವಾಗ ಪೆಡಲನ್ನು ತಳದ ತನಕ ತುಳಿಯಬೇಡಿ, ಅರ್ಧ ಸಾಕು. ಮಾಸ್ಟರ್ ಸಿಲಿಂಡರಿನ ಆಳದ ಭಾಗದಲ್ಲಿ ರಬ್ಬರ್ ಯಾವತ್ತೂ ಓಡಾಡಿರುವುದಿಲ್ಲ, ಅಲ್ಲಿ ತುಕ್ಕಿನ ಚುಕ್ಕೆ ಕೂತಿರುತ್ತದೆ, ಅದರ ಮೇಲೆ ಹೋದರೆ ರಬ್ಬರ್ ಹರಿಯುತ್ತದೆ. ಪೆಡಲ್ ಕಲ್ಲಿನಂತಿದ್ದರೆ ಬ್ರೇಕ್ ಹಗುರ ಮಾಡುವ, ಆಲ್ಟರ್ನೇಟರ್ ಬೆನ್ನಿಗಿರುವ ವ್ಯಾಕ್ಯೂಮ್ ಪಂಪ್, ಅದರ ಹೋಸ್ ನೋಡಿ. ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿ ಓದಿ: 2316 ಅಂದರೆ 2016ರ 23ನೇ ವಾರ. ಟೈರಿನ ಗುಂಡಿ ಸವೆಯದೆ ಉಳಿದಿದ್ದರೂ ಅಷ್ಟು ಹಳೆಯವು ಬೇಡ.

ಕಾಗದಪತ್ರದಲ್ಲಿ ಮೊದಲು ಇನ್ಶೂರೆನ್ಸ್, ಅದಿಲ್ಲದೆ ಕೆಎ-06, ಅಂದರೆ ತುಮಕೂರಿನ ಆರ್‌ಟಿಒ ಕಚೇರಿಯ ತನಕವೂ ಓಡಿಸುವಂತಿಲ್ಲ. ಮರುನೋಂದಣಿಗೆ ಫಾರಂ 25, ಸಿಕ್ಕರೆ ಐದು ವರ್ಷ. 15 ವರ್ಷ ದಾಟಿದ ಕಾರಿಗೆ ಕೇಂದ್ರದ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ, 20 ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ 10,000. ತಡವಾದ ತಿಂಗಳಿಗೆ 500 ಬೇರೆ, ಹಸಿರು ತೆರಿಗೆ ಬೇರೆ. ಈ ಮೊತ್ತ ನೋಡಿಕೊಂಡೇ ಪಾನಾ ಕೈಗೆತ್ತಿಕೊಳ್ಳಿ.

ಹೊಗೆ ತಪಾಸಣೆಯಲ್ಲಿ ಈ ಕಾಲದ ಡೀಸೆಲ್ ಕಾರಿಗೆ ಮಿತಿ 65 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ). ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಲವು ಸಲ ರೇಸ್ ಮಾಡುತ್ತಾರೆ. ಹಳೇ ಬೆಲ್ಟಿನಲ್ಲಿ ಹೋದವರ ಎಂಜಿನ್ ಕೈಕೊಡುವುದು ಅಲ್ಲೇ. ಹಿಂದಿನ ದಿನ ದೇವರಾಯನದುರ್ಗದ ಏರನ್ನು ಎರಡು ಸಲ ಕೆಳ ಗೇರಿನಲ್ಲಿ ಹತ್ತಿಸಿ ಇಳಿಸಿದೆ. ಸೈಲೆನ್ಸರಿನಲ್ಲಿ ಕೂತಿದ್ದ ಮಸಿ ಏರಿನಲ್ಲಿ ಹೋಯಿತು, ಇಳಿಜಾರಿನಲ್ಲಿ ಹಿಂದಿನ ಎಡ ಡ್ರಮ್ ಬಿಸಿಯಾದದ್ದು ಗೊತ್ತಾಯಿತು. ಹ್ಯಾಂಡ್‌ಬ್ರೇಕ್ ಕೇಬಲ್ ಒಳಗೆ ತುಕ್ಕು ಹಿಡಿದು ಪೂರ್ತಿ ವಾಪಸ್ ಬರುತ್ತಿರಲಿಲ್ಲ. ಕೇಬಲ್ ಬದಲಿಸಿದ ಮೇಲೆ ನಾಲ್ಕೂ ಡ್ರಮ್ಮು ಡಿಸ್ಕು ಒಂದೇ ಬಿಸಿ.