ಹಳೇ ಲ್ಯಾಪ್‌ಟಾಪ್ ಮಾರುವ ಮುಂಚೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ ನೋಡಿ

ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ತರಹದ ಗಟ್ಟಿ ಲ್ಯಾಪ್‌ಟಾಪ್ ಇದ್ದು ವಿಂಡೋಸ್ 11 ಕೂರುತ್ತಿಲ್ಲ ಅಂದ್ರೆ, 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಅನ್ನೋ ಸಾಫ್ಟ್‌ವೇರ್‌ನಿಂದ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿ, ಆನ್ ಮಾಡುವಾಗ ಎಫ್12 (ಎಚ್‌ಪಿ ಆದ್ರೆ ಎಫ್9) ಒತ್ತಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಓಡಿಸಿ. ವೈಫೈ, ಸೌಂಡ್, ಕ್ಯಾಮೆರಾ ನೋಡಿ. ಮುಚ್ಚಳ ಮುಚ್ಚಿ ತೆರೆದಾಗ ಸ್ಕ್ರೀನ್ ಮತ್ತೆ ಏಳುತ್ತಾ ಅಂತಲೂ ನೋಡಿ, ತಕರಾರು ಬರೋದು ಹೆಚ್ಚಾಗಿ ಅಲ್ಲೇ. ಡಿಸ್ಕ್ ಮುಟ್ಟದ ಕಾರಣ ನಿಮ್ಮ ಫೈಲ್‌ಗಳು ಹಾಗೇ ಇರ್ತವೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. 11ಕ್ಕೆ ಟಿಪಿಎಂ 2.0 (ಭದ್ರತೆಯ ಚಿಪ್), ಇಂಟೆಲ್ ಆದ್ರೆ ಸುಮಾರಾಗಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಲಿನಕ್ಸ್‌ಗೆ ಆ ಷರತ್ತಿಲ್ಲ, ಹಳೇ ಯಂತ್ರಗಳ ಡ್ರೈವರ್‌ಗಳೂ ಬಹುಪಾಲು ಅದರೊಳಗೇ ಇರ್ತವೆ. ಪೆನ್‌ಡ್ರೈವ್‌ನಲ್ಲಿ ನಿಧಾನ ಅನ್ನಿಸಿದ್ರೆ ತಲೆಕೆಡಿಸಿಕೊಳ್ಳಬೇಡಿ, ಎಸ್‌ಎಸ್‌ಡಿಗೆ ಹಾಕಿದ ಮೇಲೆ ಚುರುಕಾಗುತ್ತೆ. 4 ಜಿಬಿ ರ‍್ಯಾಮ್ ಇದ್ದೋರು ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ತಗೊಳ್ಳಿ. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕೋ ಬೀಗ) ಇದ್ರೆ ಮೊದಲು ರಿಕವರಿ ಕೀ ಬರೆದಿಟ್ಟುಕೊಳ್ಳಿ. ಕನ್ನಡ ಟೈಪಿಂಗ್‌ಗೆ ಕಗಪ ಕೀಲಿಮಣೆ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತೆ. ಆದ್ರೆ ದಿನಾ ಟ್ಯಾಲಿ ಬಳಸೋರು, ಯೂನಿಕೋಡ್ ಅಲ್ಲದ ಹಳೇ ನುಡಿ ಫೈಲ್‌ಗಳ ಮೇಲೆ ಕೆಲಸ ಮಾಡೋ ಡಿಟಿಪಿಯವರು ವಿಂಡೋಸ್ ಬಿಡೋ ಯೋಚನೆ ಸದ್ಯಕ್ಕೆ ಬೇಡ.