ಲಕ್ಷಣಕ್ಕಿಂತ ಮೊದಲು ದಿನಚರಿ: ರೋಗಿಯ ಪಾತ್ರ ಸಿದ್ಧಪಡಿಸುವ ಬಗೆ

ಆಕ್ಯುಪೇಶನಲ್ ಥೆರಪಿ (ರೋಗಿ ದಿನನಿತ್ಯದ ಕೆಲಸಗಳಿಗೆ ಮರಳಲು ನೆರವಾಗುವ ಚಿಕಿತ್ಸೆ) ವಿದ್ಯಾರ್ಥಿಗಳು ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗುವ ಮೊದಲು ನಾವು ಅವರನ್ನು ರೋಗಿಯಂತೆ ನಟಿಸಲು ತರಬೇತಿ ಪಡೆದ ಪಾತ್ರಧಾರಿಗಳ ಎದುರು ಕೂರಿಸುತ್ತೇವೆ. 1963ರಲ್ಲಿ ಅಮೆರಿಕದ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ ಈ ಕ್ರಮ ಶುರುಮಾಡಿದಾಗ ಪಾತ್ರಧಾರಿ ಕಲಿಯಬೇಕಾದದ್ದು ಕಾಲಿನ ಬಲಹೀನತೆಯಂಥ ದೇಹದ ಚಿಹ್ನೆಗಳನ್ನು. ಖಿನ್ನತೆಗೆ ಅಷ್ಟು ಸಾಲದು. ನಮ್ಮ ವಿದ್ಯಾರ್ಥಿ ಕೇಳುವುದು "ಎದ್ದ ಮೇಲೆ ಏನೆಲ್ಲ ಮಾಡ್ತೀರಿ ಅಕ್ಕ?" ಎಂದು. ಆದ್ದರಿಂದ ಪಾತ್ರದ ಹಾಳೆಯಲ್ಲಿ ಮುಕ್ಕಾಲು ಪಾಲು ದಿನಚರಿಯೇ ಇರಬೇಕು.

ಕಾಸರಗೋಡಿನ ಬದಿಯಡ್ಕ ಕಡೆಯ, 42 ಪ್ರಾಯದ ಬೀಡಿ ಕಟ್ಟುವ ಹೆಂಗಸಿನ ಪಾತ್ರ ನೋಡಿ. ಮೊದಲು ದಿನಕ್ಕೆ 800 ಬೀಡಿ, ಈಗ 200 ಆಗುವುದೂ ಕಷ್ಟ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿಗೆ ಮಗಳನ್ನು ಕಳಿಸುತ್ತಾಳೆ. ಬೆಳಗ್ಗೆ ಒಲೆ ಹಚ್ಚುವವರು ಯಾರು, ಕೊನೆಗೆ ಮದುವೆಮನೆಗೆ ಹೋದದ್ದು ಯಾವಾಗ, ಎಲ್ಲವನ್ನೂ ಬರೆದಿಡುತ್ತೇವೆ. ರೋಗಿ ತನ್ನ ದಿನನಿತ್ಯದ ಕೆಲಸಗಳ ನಿರ್ವಹಣೆಗೂ ತೃಪ್ತಿಗೂ ತಾನೇ ಅಂಕ ಕೊಡುವ ಕೆನೇಡಿಯನ್ ಆಕ್ಯುಪೇಶನಲ್ ಪರ್ಫಾರ್ಮೆನ್ಸ್ ಮೆಷರ್‌ಗೆ ಬೇಕಾದ 1ರಿಂದ 10ರ ಅಂಕಗಳೂ ಮೊದಲೇ ಗೊತ್ತಾಗಿರಬೇಕು. ಇಲ್ಲದಿದ್ದರೆ ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ರೋಗಿ ಸಿಕ್ಕಂತಾಗುತ್ತದೆ. ಅಡುಗೆಗೆ ನಿರ್ವಹಣೆ 6, ತೃಪ್ತಿ 1 ಎಂದು ಬೇಕೆಂದೇ ಇಡುತ್ತೇವೆ. ಈ ಅಂತರ ಯಾಕೆ ಎಂದು ಕೇಳಿದವರಿಗೆ ಮಾತ್ರ ಅತ್ತೆಯ ಚುಚ್ಚುಮಾತಿನ ಸಂಗತಿ ಸಿಗಬೇಕು.

ಕಾಸರಗೋಡಿನಲ್ಲಿ ನಾಟಕ, ತಾಳಮದ್ದಳೆಯವರಿಗೆ ಬರವಿಲ್ಲ. ಆದರೆ ತಾಳಮದ್ದಳೆಯಲ್ಲಿ ಮಾತಿನಿಂದಲೇ ಪಾತ್ರ ಕಟ್ಟುವ ಅರ್ಥಧಾರಿಗೆ ಮಾತು ಕಡಿಮೆ ಮಾಡುವುದೇ ಕಷ್ಟ. ಪ್ರಶ್ನೆ ಬಂದ ಮೇಲೆ ಮನಸ್ಸಿನಲ್ಲೇ ನಾಲ್ಕು ಎಣಿಸಿ, ಒಂದೇ ವಾಕ್ಯದಲ್ಲಿ ಉತ್ತರಿಸಿ, ದೃಷ್ಟಿ ತಡ್ಪೆಯ (ಬೀಡಿ ಕಟ್ಟುವಾಗ ಮಡಿಲಲ್ಲಿಡುವ ಮೊರ) ಮೇಲಿರಲಿ ಎನ್ನುತ್ತೇವೆ. ಅಳು ಬೇಡ. ಅತ್ತರೆ ವಿದ್ಯಾರ್ಥಿ ಸಮಾಧಾನಕ್ಕೆ ಇಳಿಯುತ್ತಾನೆ, ಮೌಲ್ಯಮಾಪನ ಅಲ್ಲಿಗೇ ನಿಲ್ಲುತ್ತದೆ. ಹೌದು-ಇಲ್ಲ ಪ್ರಶ್ನೆಗೆ "ಹ್ಞೂಂ" ಮಾತ್ರ. ನಡುವೆ ತುಳು ಬಂದರೆ ಬರಲಿ, ಊರಿನ ರೋಗಿಯೂ ಹಾಗೆಯೇ ಮಾತಾಡುವುದು.

ಸಾಯುವ ಯೋಚನೆಯ ಪ್ರಶ್ನೆಗೆ ಉತ್ತರ ಒಂದೇ: "ಒಮ್ಮೊಮ್ಮೆ ಅನಿಸ್ತದೆ, ಏನೂ ಮಾಡ್ಲಿಕ್ಕೆ ಹೋಗ್ಲಿಲ್ಲ." ಇಲ್ಲಿ ಸ್ವಂತ ಸೇರ್ಪಡೆಗೆ ಅವಕಾಶವೇ ಇಲ್ಲ. ಈ ಉತ್ತರ ಕೇಳಿಸಿಕೊಂಡ ವಿದ್ಯಾರ್ಥಿ ಇನ್ನಷ್ಟು ವಿಚಾರಿಸಿ ಮೇಲ್ವಿಚಾರಕರಿಗೆ ತಿಳಿಸಲೇಬೇಕು. ಪಾತ್ರಧಾರಿಯ ಮನೆಯಲ್ಲಿ ಆತ್ಮಹತ್ಯೆ ನಡೆದಿದೆಯೇ ಎಂದು ಆಯ್ಕೆಯ ಹೊತ್ತಿಗೇ ಖಾಸಗಿಯಾಗಿ ಕೇಳಿ. ನಡೆದಿದ್ದರೆ ಬೇರೆ ಪಾತ್ರ ಕೊಡಿ. ನಡುವೆ ಪಾತ್ರಧಾರಿ ಕೈಯೆತ್ತಿದರೆ ಸಂದರ್ಶನ ಅಲ್ಲಿಗೆ ಬಂದ್, ಕಾರಣ ಕೇಳುವುದಿಲ್ಲ.

ಸಂದರ್ಶನ 20 ನಿಮಿಷ. ಮುಗಿದ ಕೂಡಲೇ ಪಾತ್ರಧಾರಿ ತಡ್ಪೆ ಕೆಳಗಿಟ್ಟು, ತನ್ನ ನಿಜ ಹೆಸರು ಹೇಳಿ, ಬೇರೆ ಕುರ್ಚಿಯಲ್ಲಿ ಕೂರಬೇಕು. ಮೊದಲು ವಿದ್ಯಾರ್ಥಿ ಮಾತಾಡಲಿ. ಆಮೇಲೆ ಪಾತ್ರಧಾರಿ "ನೀವು ಗಡಿಯಾರ ನೋಡಿದಾಗ ನನಗೆ ಮಾತು ಮುಂದುವರಿಸಲು ಮನಸ್ಸಾಗಲಿಲ್ಲ" ಎಂಬಂತೆ ತನಗೆ ಅನಿಸಿದ್ದನ್ನಷ್ಟೇ ಹೇಳುತ್ತಾರೆ. ಅಂಕ ಕೊಡುವುದು ಅಧ್ಯಾಪಕರ ಕೆಲಸ. ಒಬ್ಬರಿಗೆ ಸತತ ಮೂರಕ್ಕಿಂತ ಹೆಚ್ಚು ಸಂದರ್ಶನ ಬೇಡ. ನಾಲ್ಕನೆಯದಕ್ಕೆ ಬಾಯಿಪಾಠವಾಗಿ ಉತ್ತರ ಚುರುಕಾಗುತ್ತದೆ, ಖಿನ್ನತೆ ಕಾಣಿಸುವುದೇ ಇಲ್ಲ.