ಕಿರ್ದಿಯಿಂದ ಕಂಪ್ಯೂಟರಿಗೆ: ಪತ್ತಿನ ಸಂಘದಲ್ಲಿ ಬದಲಾವಣೆ ತರುವ ಬಗೆ

ಬಾಗಲಕೋಟೆ ಜಿಲ್ಲೆಯ ಯಾವುದೇ ಪತ್ತಿನ ಸಹಕಾರಿ ಸಂಘವು ಕೈಬರಹದ ಕಿರ್ದಿ, ಲೆಜರುಗಳನ್ನು ಬಿಟ್ಟು ಕಂಪ್ಯೂಟರಿಗೆ ಹೊರಳುವಾಗ ಆಡಳಿತ ಮಂಡಳಿ ಮೊದಲು ವಿಚಾರಿಸುವುದು ತಂತ್ರಾಂಶದ ದರವನ್ನು. ಅದಕ್ಕೂ ಮುನ್ನ, ಈ ಬದಲಾವಣೆಯಿಂದ ಯಾರು ಏನನ್ನು ಕಳೆದುಕೊಳ್ಳುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು.

ಸಂಸ್ಥೆಯೊಂದರ ಇಂದಿನ ಸ್ಥಿತಿ ಎಂದರೆ ಅದನ್ನು ಮುಂದಕ್ಕೆ ನೂಕುವ ಮತ್ತು ತಡೆದು ಹಿಡಿಯುವ ಬಲಗಳ ಸಮತೋಲ ಎಂದು ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1940ರ ದಶಕದಲ್ಲಿ ವಿವರಿಸಿದರು. ನೂಕುವ ಬಲವನ್ನು ಹೆಚ್ಚಿಸಿದರೆ ಒಳಗಿನ ಬಿಗುವೂ ಹೆಚ್ಚುತ್ತದೆ. ತಡೆಯನ್ನು ಸಡಿಲಿಸಿದರೆ ಹಾಗಾಗುವುದಿಲ್ಲ. ಆದ್ದರಿಂದ ಹಾಳೆಯ ಎಡಕ್ಕೆ ನೂಕುವ ಬಲಗಳಾದ ಇಲಾಖೆಯ ಸೂಚನೆ, ಲೆಕ್ಕಪರಿಶೋಧಕರ ಆಕ್ಷೇಪಣೆಗಳನ್ನು ಬೇಗ ಬರೆದು ಮುಗಿಸಿ, ತಡೆಗಳನ್ನು ಬರೆಯುವ ಬಲಭಾಗಕ್ಕೆ ಹೆಚ್ಚು ಹೊತ್ತು ಕೊಡಿ.

ಅಲ್ಲಿ ‘ಹಿರಿಯ ಗುಮಾಸ್ತರಿಗೆ ಕಂಪ್ಯೂಟರ್ ಬರುವುದಿಲ್ಲ’ ಎಂದಷ್ಟೇ ಬರೆದರೆ ಸಾಲದು. ಸಂತೆಯ ದಿನ ಬಂದ ರೈತ ನೇರವಾಗಿ ಅವರ ಮೇಜಿಗೇ ಹೋಗಿ, “ಬಡ್ಡಿ ಎಷ್ಟ ಆಗೇತಿ ನೋಡ್ರಿ, ಕಬ್ಬಿನ ಬಿಲ್ಲ ಬಂದ ಮ್ಯಾಲ ತುಂಬತೇನಿ” ಎನ್ನುತ್ತಾನೆ. ಅವರು ಲೆಜರ್ ತೆಗೆದು, ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಅವರು ಕಳೆದುಕೊಳ್ಳುವುದು ಈ ಮರ್ಯಾದೆಯನ್ನು. ಅಷ್ಟೇ ಪ್ರಮಾಣದ ಲಾಭ ತರುವ ಸಂತೋಷಕ್ಕಿಂತ ನಷ್ಟದ ನೋವು ದೊಡ್ಡದು ಎಂದು ಮನಶ್ಶಾಸ್ತ್ರಜ್ಞರಾದ ಕಾಹ್ನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ ತೋರಿಸಿದ್ದರಿಂದ, ‘ಕೆಲಸ ಬೇಗ ಆಗುತ್ತದೆ’ ಎಂಬ ಭರವಸೆ ಇಲ್ಲಿ ನಡೆಯದು. ಹಳೆಯ ಬಾಕಿಗಳನ್ನು ತಾಳೆ ನೋಡಿ ಅವರು ಸಹಿ ಹಾಕದ ಹೊರತು ಯಾವ ಖಾತೆಯೂ ಕಂಪ್ಯೂಟರಿಗೆ ಏರಬಾರದೆಂದು ನಿಯಮ ಮಾಡಿ. ಅಧಿಕಾರವಿಲ್ಲದ ಹೆಸರಿನ ಹುದ್ದೆ ಕೊಟ್ಟರೆ ಅದು ಅವರಿಗೆ ಅಂದೇ ತಿಳಿಯುತ್ತದೆ.

ಪಿಗ್ಮಿ ಸಂಗ್ರಹಕಾರರೂ ಸೇರಿದಂತೆ ಎಲ್ಲರನ್ನೂ ತಂತ್ರಾಂಶ ಕೊಳ್ಳುವ ಮೊದಲೇ ಕೂರಿಸಿಕೊಂಡು ಮಾತನಾಡಬೇಕು. ಅಮೆರಿಕದ ಹಾರ್‌ವುಡ್ ಬಟ್ಟೆ ಕಾರ್ಖಾನೆಯ ಬಗ್ಗೆ 1948ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬದಲಾವಣೆಯನ್ನು ಕೇವಲ ತಿಳಿಸಲಾಗಿದ್ದ ಗುಂಪಿನ ಶೇ. 17ರಷ್ಟು ಮಂದಿ 40 ದಿನಗಳಲ್ಲಿ ಕೆಲಸ ಬಿಟ್ಟಿದ್ದರು. ಯೋಜನೆಯಲ್ಲಿ ಪೂರ್ಣವಾಗಿ ಪಾಲ್ಗೊಂಡ ಗುಂಪುಗಳಲ್ಲಿ ಯಾರೂ ಬಿಡಲಿಲ್ಲ. ಅಲ್ಲದೆ ಎಲ್ಲ ವಿರೋಧವೂ ಮನಸ್ಸಿನದೇ ಆಗಿರುವುದಿಲ್ಲ. ‘ಕರೆಂಟ್ ಹೋದಾಗ ರಸೀದಿ ಹೇಗೆ ಕೊಡುವುದು?’ ಎಂದು ಸಂಗ್ರಹಕಾರ ಕೇಳಿದರೆ ಅವನಿಗೆ ಸಮಾಧಾನ ಹೇಳಬೇಕಿಲ್ಲ, ಯುಪಿಎಸ್ ತರಿಸಬೇಕು.

ಕೆಲವು ತಿಂಗಳು ಎರಡೂ ಪದ್ಧತಿಗಳು ಜೊತೆಗೆ ನಡೆಯಲಿ. ಆದರೆ ಲೆಜರನ್ನು ಕಪಾಟಿಗೆ ಸೇರಿಸುವ ದಿನವನ್ನು, ಸಾಧ್ಯವಾದರೆ ಏಪ್ರಿಲ್ 1ನ್ನೇ, ಮೊದಲೇ ಗೊತ್ತುಮಾಡಿ. ಇಲ್ಲವಾದರೆ ಸಿಬ್ಬಂದಿ ಲೆಜರನ್ನೇ ನಂಬಿ, ಕಂಪ್ಯೂಟರಿಗೆ ಸಂಜೆ ಒಟ್ಟಿಗೆ ನಕಲು ಮಾಡುತ್ತಾ ಹೋಗುತ್ತಾರೆ.